‘ಕಿಟ್ಟೆಲ್’: ಒಂದು ಜರ್ಮನ್ ಕುಲನಾಮದ ಮೂಲ ಮತ್ತು ವಲಸೆ

ವ್ಯಕ್ತಿಯ ಹುಟ್ಟೂರನ್ನೇ ಆತನ ಕುಲನಾಮದ ಮೂಲವೆಂದು ಭಾವಿಸುವುದು ನಾಮವಿಜ್ಞಾನದಲ್ಲಿ ಪದೇ ಪದೇ ಎದುರಾಗುವ ತೊಡಕು. ಉತ್ತರ ಕರ್ನಾಟಕದಲ್ಲಿ ‘ಮಂಗಳೂರ’ ಎಂಬ ಅಡ್ಡಹೆಸರನ್ನು ಕಂಡೊಡನೆ ಕರಾವಳಿಯತ್ತ ನೋಡುವವರು ಕೊಪ್ಪಳ ಜಿಲ್ಲೆಯಲ್ಲಿಯೂ ಮಂಗಳೂರು ಎಂಬ ಊರಿರುವುದನ್ನು ಮರೆಯಬಾರದು. ಇದೇ ಎಚ್ಚರದಿಂದ ಕನ್ನಡಿಗರಿಗೆ ಚಿರಪರಿಚಿತವಾದ ‘ಕಿಟ್ಟೆಲ್’ ಎಂಬ ಹೆಸರನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ. ಈ ಹೆಸರು ಕನ್ನಡಕ್ಕೆ ಬಂದದ್ದು ಕಿವಿಯ ಮೂಲಕವಲ್ಲ, ಬರಹದ ಮೂಲಕ ಎಂಬುದು ನಮ್ಮ ವಾದ.

ಮಧ್ಯಕಾಲೀನ ಉನ್ನತ ಜರ್ಮನ್ನಿನ ‘ಕಿಟೆಲ್’ ಎಂದರೆ ಸಡಿಲವಾದ ಮೇಲಂಗಿ. ಅದನ್ನು ಹೊಲಿಯುವವನಿಗೋ ಸದಾ ತೊಡುವವನಿಗೋ ಅಂಟಿದ ಹೆಸರು ಮುಂದೆ ಕುಲನಾಮವಾಯಿತು. ನಮ್ಮಲ್ಲಿಯ ‘ಕಂಬಳಿ’ಯಂತಹ ಅಡ್ಡಹೆಸರುಗಳು ಇದೇ ಬಗೆಯವು. ಸ್ಯಾಕ್ಸನಿ, ಸೈಲೀಷ್ಯಾ, ಉತ್ತರ ಬೊಹೀಮಿಯಗಳು ಈ ಕುಲನಾಮದ ಮುಖ್ಯ ನೆಲೆಗಳು. ಎರಡನೆಯ ಮಹಾಯುದ್ಧದ ನಂತರ ಸೈಲೀಷ್ಯಾ ಮತ್ತು ಬೊಹೀಮಿಯಗಳಿಂದ ಜರ್ಮನ್ನರನ್ನು ಹೊರಹಾಕಿದಾಗ ಇಂತಹ ಹೆಸರುಗಳು ಜರ್ಮನಿಯ ಇತರ ಭಾಗಗಳಿಗೂ ಚದುರಿದವು.

ನಿಘಂಟುಕಾರ ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಜನಿಸಿದ್ದು ಈ ನೆಲೆಗಳಿಂದ ದೂರದ ಪೂರ್ವ ಫ್ರೀಸ್ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅಲ್ಲಿ ತಂದೆಯ ಹೆಸರನ್ನೇ ಮಗನಿಗೆ ಎರಡನೆಯ ಹೆಸರಾಗಿಸುವ ಪದ್ಧತಿಯಿತ್ತು. 1811ರ ನೆಪೋಲಿಯನ್ ಕಾಲದ ಆಜ್ಞೆ ಸ್ಥಿರ ಕುಲನಾಮವನ್ನು ಕಡ್ಡಾಯಗೊಳಿಸಿತು. ಉಡುಪಿನಿಂದ ಹುಟ್ಟಿದ ‘ಕಿಟ್ಟೆಲ್’ ಈ ಪದ್ಧತಿಗೆ ಹೊರಗಿನದು. ಹುಟ್ಟೂರು ಫ್ರೀಸಿಯನ್ ಆದರೂ ಹೆಸರು ಫ್ರೀಸಿಯನ್ ಅಲ್ಲ.

1853ರಲ್ಲಿ ಬಾಸೆಲ್ ಮಿಶನ್ನಿನ ಕಾರ್ಯಕರ್ತರಾಗಿ ಅವರು ಭಾರತಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಕರಾವಳಿಯ ಮಂಗಳೂರಿನಲ್ಲಿ ಅಚ್ಚಾಯಿತು. ಜರ್ಮನ್ ಬರಹದಲ್ಲಿ ಈ ಹೆಸರಿನ ಜೋಡಿ ವ್ಯಂಜನ ಹಿಂದಿನ ಸ್ವರದ ಹ್ರಸ್ವತೆಯನ್ನು ಸೂಚಿಸುವ ಗುರುತು ಮಾತ್ರ, ಉಚ್ಚಾರದಲ್ಲಿ ದ್ವಿತ್ವವಿಲ್ಲ. ಕೊನೆಯ ಸ್ವರವೂ ಬಹುಮಟ್ಟಿಗೆ ಲೋಪವಾಗುತ್ತದೆ. ಕನ್ನಡದಲ್ಲಿ ದ್ವಿತ್ವ ಅರ್ಥಭೇದಕ. ಆದರೂ ‘ಟ್ಟ’ ಮತ್ತು ‘ಎ’ ಎರಡೂ ಉಳಿದಿವೆ. ಇಂಗ್ಲಿಷ್ ಬರಹದಲ್ಲಿ ಇಂತಹದೇ ಜೋಡಿ ವ್ಯಂಜನವಿರುವ ‘ಬಟನ್’, ‘ಬಾಟಲಿ’ ಪದಗಳು ಆಡುಮಾತಿನಲ್ಲಿ ಒಂಟಿ ‘ಟ’ಕಾರದೊಡನೆ ನೆಲೆಗೊಂಡಿರುವುದನ್ನು ಹೋಲಿಸಿದರೆ ಬರಹದ ಪ್ರಭಾವ ಸ್ಪಷ್ಟವಾಗುತ್ತದೆ. ‘ಕಿಟೆಲ್’ ಎಂಬ ರೂಪವೂ ಬಳಕೆಯಲ್ಲಿದೆಯಾದರೂ ಅದರಲ್ಲಿಯೂ ಬರಹದ ‘ಎ’ಕಾರ ಉಳಿದಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೊಗ್ಲಿಂಗರ ಹೆಸರೂ ಇದಕ್ಕೆ ಪೂರಕ: ಜರ್ಮನ್ನಿನ ದುಂಡುತುಟಿಯ ಮುಂಸ್ವರ ಇಲ್ಲಿ ಅಕ್ಷರವನ್ನನುಸರಿಸಿ ‘ಒ’ ಆಗಿದೆ.

ಮುಂದೆ ಹೆಸರು ಕನ್ನಡದ ವ್ಯಾಕರಣಕ್ಕೆ ಒಳಪಟ್ಟು ‘ಕಿಟ್ಟೆಲ್ಲರ’, ‘ಕಿಟ್ಟೆಲರ’ ಎಂಬ ವಿಭಕ್ತಿರೂಪಗಳನ್ನು ಪಡೆಯಿತು. ಧಾರವಾಡದಲ್ಲಿ ಕಾಲೇಜಿಗೂ ಹೆಸರಾಯಿತು. ‘ಕಿಟ್ಟೆಲ್ ನೋಡಿ’ ಎಂದಾಗ ನಾವು ಸೂಚಿಸುವುದು ವ್ಯಕ್ತಿಯನ್ನಲ್ಲ, ಗ್ರಂಥವನ್ನು. ಕೃಷ್ಣನಿಂದ ಬಂದ ‘ಕಿಟ್ಟಿ’, ‘ಕಿಟ್ಟಣ್ಣ’ಗಳೊಡನೆ ಅದಕ್ಕಿರುವ ಸಾಮ್ಯ ಕೇವಲ ಆಕಸ್ಮಿಕ.

ಆದ್ದರಿಂದ ಕುಲನಾಮದ ಚರಿತ್ರೆಯನ್ನು ಬರೆಯುವಾಗ ಪದದ ಮೂಲ, ಮನೆತನದ ನೆಲೆ, ಲಿಪ್ಯಂತರದ ದಾರಿ ಈ ಮೂರನ್ನೂ ಬೇರೆಬೇರೆಯಾಗಿ ಸಾಧಿಸಬೇಕು. ಒಂದರ ಸಾಕ್ಷ್ಯ ಮತ್ತೊಂದಕ್ಕೆ ಸಾಕ್ಷ್ಯವಾಗದು.