ಮಾವೋರಿ ಜನಾಂಗದ ಪುನರುತ್ಥಾನವೂ ಸ್ವಜನ ಸಂಶೋಧನವೂ

ಒಂದು ಜನಾಂಗವು ಅಳಿವಿನ ಹಾದಿಯನ್ನು ಹಿಡಿದಿದೆಯೆಂದು ಲೋಕವು ನಿರ್ಣಯಿಸಿಕೊಂಡಿರುವಾಗ, ಆ ಜನಾಂಗದಲ್ಲಿಯೇ ಹುಟ್ಟಿದ ವಿದ್ಯಾವಂತರು ತಮ್ಮವರ ಚರಿತ್ರೆ, ಆಚಾರ, ಆರೋಗ್ಯ, ಆಡಳಿತಗಳನ್ನು ಕುರಿತು ವ್ಯಾಸಂಗ ಮಾಡಿ, ಆ ವ್ಯಾಸಂಗದ ಬಲದಿಂದಲೇ ಅಂಥ ನಿರ್ಣಯವನ್ನು ಎದುರಿಸಿ ನಿಂತ ಸಂಗತಿಯು ಮನುಷ್ಯ ಚರಿತ್ರೆಯಲ್ಲಿ ವಿರಳವಾದುದು. ಪ್ರಶಾಂತ ಮಹಾಸಾಗರದ ದಕ್ಷಿಣಭಾಗದಲ್ಲಿರುವ ನ್ಯೂಜೀಲೆಂಡ್ ದ್ವೀಪಗಳ ಮೂಲನಿವಾಸಿಗಳಾದ ಮಾವೋರಿ ಜನರ ವೃತ್ತಾಂತವು ಅಂಥದಾಗಿರುತ್ತದೆ.

ಮಾವೋರಿಗಳ ಪೂರ್ವಿಕರು ಕ್ರಿ. ಶ. 13ನೆಯ ಶತಮಾನದ ಸುಮಾರಿಗೆ ಪೂರ್ವ ಪಾಲಿನೇಶಿಯದ ದ್ವೀಪಗಳಿಂದ ಹೊರಟು, ನಕ್ಷತ್ರ, ಗಾಳಿ, ಅಲೆಗಳ ಗುರುತಿನಿಂದಲೇ ದೊಡ್ಡ ದೋಣಿಗಳಲ್ಲಿ ಸಾಗರವನ್ನು ದಾಟಿ ಬಂದು ಈ ನಾಡಿನಲ್ಲಿ ನೆಲೆಸಿದರು. ಅವರಲ್ಲಿ ಲಿಪಿಯಿರಲಿಲ್ಲ, ಆದರೆ ಚರಿತ್ರೆಯೇ ಇರಲಿಲ್ಲವೆಂದು ಹೇಳುವದು ತಪ್ಪಾದೀತು. ‘ಫಕಪಾಪ’ ಎಂಬ ವಂಶಾವಳಿಯನ್ನು ತಲೆತಲಾಂತರದಿಂದ ಬಾಯಿಪಾಠವಾಗಿ ಹೇಳಿಕೊಂಡು ಬಂದ ಆ ಜನರಿಗೆ ಭೂಮಿಯ ಹಕ್ಕು, ಬಂಧುತ್ವ, ನಾಯಕನ ಯೋಗ್ಯತೆ ಇವೆಲ್ಲಕ್ಕೂ ಆ ವಂಶಾವಳಿಯೇ ಪ್ರಮಾಣವಾಗಿದ್ದಿತು. ‘ಇವಿ’ ಎಂಬ ಕುಲಗಳು, ಅವುಗಳೊಳಗೆ ‘ಹಪೂ’ ಎಂಬ ಒಳಕುಲಗಳು. ಪ್ರತಿಯೊಂದಕ್ಕೂ ‘ರಂಗತಿರ’ನೆಂಬ ನಾಯಕನು. ಊರಿನ ‘ಮರಾಯೆ’ ಎಂಬ ಸಭಾಂಗಣದಲ್ಲಿ ಹಿರಿಯರು ಕೂಡಿ, ಪ್ರತಿಯೊಬ್ಬರ ಮಾತನ್ನೂ ಕೇಳಿ, ಒಮ್ಮತವಾಗುವವರೆಗೂ ಚರ್ಚಿಸಿ ಕಾರ್ಯವನ್ನು ತೀರ್ಮಾನಿಸುತ್ತಿದ್ದರು. ಸತ್ತವರಿಗೆ ಅಂತಿಮ ಗೌರವವು ಸಲ್ಲುತ್ತಿದ್ದುದೂ, ಅತಿಥಿಗಳಿಗೆ ಸ್ವಾಗತವಾಗುತ್ತಿದ್ದುದೂ ಅಲ್ಲಿಯೇ. ನೀರು, ಅನ್ನ, ಮರಣಗಳಿಗೆ ಸಂಬಂಧಿಸಿದ ಮಡಿಯ ಕಟ್ಟಳೆಗಳನ್ನು ‘ತಪು’ ಎಂದು ಕರೆಯುತ್ತಿದ್ದರು.

1840ನೆಯ ಇಸವಿ ಫೆಬ್ರವರಿ 6ನೆಯ ದಿನ ವೈತಂಗಿ ಎಂಬಲ್ಲಿ ಇಂಗ್ಲೆಂಡಿನ ರಾಣಿಯ ಪ್ರತಿನಿಧಿಯಾದ ವಿಲಿಯಂ ಹಾಬ್ಸನ್ನನಿಗೂ ಮಾವೋರಿ ನಾಯಕರಿಗೂ ಒಂದು ಒಡಂಬಡಿಕೆಯಾಯಿತು. ಮುಂದೆ ನಾಡಿನ ಹಲವು ಕಡೆಗಳಲ್ಲಿ ಒಟ್ಟು 500ಕ್ಕೂ ಹೆಚ್ಚು ನಾಯಕರು ಅದಕ್ಕೆ ಸಮ್ಮತಿಯ ಗುರುತು ಹಾಕಿದರು. ಅವರಲ್ಲಿ ಬಹುಮಂದಿ ಒಪ್ಪಿದ್ದು ಮಾವೋರಿ ಭಾಷೆಯ ಪ್ರತಿಗೆ. ಆ ಭಾಷಾಂತರವನ್ನು ಪಾದ್ರಿಯಾದ ಹೆನ್ರಿ ವಿಲಿಯಮ್ಸನೂ ಅವನ ಮಗನೂ ಒಂದೇ ರಾತ್ರಿಯಲ್ಲಿ ಸಿದ್ಧಪಡಿಸಿದ್ದರು. ಇಂಗ್ಲಿಷ್ ಪ್ರತಿಯು ನಾಯಕರು ತಮ್ಮ ಸಾರ್ವಭೌಮತ್ವವನ್ನೇ ಒಪ್ಪಿಸಿಕೊಟ್ಟರೆಂದು ಹೇಳುತ್ತದೆ. ಮಾವೋರಿ ಪ್ರತಿಯಲ್ಲಿಯಾದರೋ ಒಪ್ಪಿಸಿಕೊಟ್ಟದ್ದು ‘ಕಾವನತಂಗ’, ಅಂದರೆ ಆಡಳಿತವನ್ನು ನಡೆಸುವ ಅಧಿಕಾರ. ಉಳಿಸಿಕೊಂಡದ್ದು ತಮ್ಮ ನೆಲ, ಊರು, ಸಕಲ ಸಂಪತ್ತುಗಳ ಮೇಲಿನ ‘ರಂಗತಿರತಂಗ’, ಅಂದರೆ ಪೂರ್ಣ ನಾಯಕತ್ವ. ಈ ಎರಡು ಮಾತುಗಳ ನಡುವಣ ಅಂತರವೇ ಮುಂದಿನ ವ್ಯಾಜ್ಯಗಳಿಗೆಲ್ಲ ಬೀಜವಾಯಿತು.

ವಲಸೆ ಬಂದವರ ಸಂಖ್ಯೆ ಹೆಚ್ಚಿದಂತೆ ಭೂಮಿಯ ದಾಹವೂ ಹೆಚ್ಚಿತು. 1860ರ ದಶಕದಲ್ಲಿ ಯುದ್ಧಗಳು ನಡೆದವು. 1863ರ ಕಾಯಿದೆಯನ್ವಯ ವೈಕಾಟೊ ಸೀಮೆಯೊಂದರಲ್ಲಿಯೇ 12 ಲಕ್ಷ ಎಕರೆಗೂ ಮಿಕ್ಕ ಭೂಮಿಯು ಜಪ್ತಾಯಿತು. 1865ರಲ್ಲಿ ಸ್ಥಾಪಿತವಾದ ಭೂನ್ಯಾಯಾಲಯವು ಕುಲದ ಸಾಮುದಾಯಿಕ ಒಡೆತನವನ್ನು ಬಿಡಿಬಿಡಿಯಾಗಿ ವ್ಯಕ್ತಿಗಳ ಹೆಸರಿಗೆ ಬರೆಯಿಸಿತು. ಬರೆಯಿಸಿದ ಭೂಮಿಯು ಬೇಗನೆ ಮಾರಾಟವಾಗಿ ಹೋಯಿತು. ಇದರೊಡನೆ ದಡಾರ, ಕ್ಷಯ, ವಿಷಮಜ್ವರ ಮೊದಲಾದ ರೋಗಗಳು ಹಬ್ಬಿದವು. 1840ರಲ್ಲಿ ಸುಮಾರು 80 ಸಾವಿರವಿದ್ದರೆಂದು ಅಂದಾಜು ಮಾಡಲಾದ ಮಾವೋರಿಗಳು 1896ರ ಗಣತಿಯಲ್ಲಿ ಸುಮಾರು 42 ಸಾವಿರಕ್ಕೆ ಇಳಿದಿದ್ದರು. ಈ ಜನರು ಇನ್ನು ಉಳಿಯಲಾರರೆಂಬುದು ಅಂದಿನ ಬಿಳಿಯ ರಾಜಕಾರಣಿಗಳಲ್ಲಿಯೂ ಪಂಡಿತರಲ್ಲಿಯೂ ಸಾಮಾನ್ಯವಾದ ಅಭಿಪ್ರಾಯವಾಗಿದ್ದಿತು. 1892ರಲ್ಲಿ ಪರ್ಸಿ ಸ್ಮಿತ್, ಎಡ್ವರ್ಡ್ ಟ್ರೆಗಿಯರ್ ಮೊದಲಾದವರು ಪಾಲಿನೇಶಿಯನ್ ಸೊಸೈಟಿಯನ್ನು ಸ್ಥಾಪಿಸಿ, ದ್ವೀಪವಾಸಿಗಳ ಪುರಾಣ, ವಂಶಾವಳಿ, ಪದ್ಧತಿಗಳನ್ನು ಸಂಗ್ರಹಿಸತೊಡಗಿದರು. ಆ ಕಾರ್ಯವು ಬೆಲೆಯುಳ್ಳದ್ದೇ ಸರಿ. ಆದರೆ ಹೊರಗಿನವರ ಅಂಥ ಸಂಗ್ರಹಗಳ ಹಿಂದೆ ಅನೇಕವೇಳೆ, ಜನರು ಅಳಿದರೂ ಅವರ ದಾಖಲೆಯಾದರೂ ಉಳಿಯಲಿ ಎಂಬ ಭಾವನೆಯಿದ್ದಿತು.

ಇದಕ್ಕೆ ಪ್ರತ್ಯುತ್ತರವು ಹಾಕ್ಸ್ ಬೇ ಪ್ರಾಂತದ ತೆ ಔತೆ ಎಂಬ ವಿದ್ಯಾಲಯದಿಂದ ಬಂದಿತು. ಅಲ್ಲಿ ಓದಿದ ಮೂವರು ಮಾವೋರಿ ತರುಣರ ಹೆಸರು ಸ್ಮರಣೀಯವಾಗಿವೆ. ಅಪಿರಾನ ನಾಟಾ ಅವರು 1893ರಲ್ಲಿ ಪದವಿಯನ್ನು ಪಡೆದು, ನ್ಯೂಜೀಲೆಂಡಿನ ವಿಶ್ವವಿದ್ಯಾಲಯದ ಪದವೀಧರರಾದ ಮೊದಲನೆಯ ಮಾವೋರಿ ಎನಿಸಿದರು. ಬಳಿಕ ನ್ಯಾಯಶಾಸ್ತ್ರವನ್ನೂ ಓದಿದರು. ಮಾವುಯಿ ಪೋಮರೆ ಅವರು ಅಮೇರಿಕೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು 1899ರಲ್ಲಿ ತೇರ್ಗಡೆಯಾದರು. ಪೀಟರ್ ಬಕ್ ಎಂದೂ ಖ್ಯಾತರಾದ ತೆ ರಂಗಿ ಹೀರೋವಾ ಅವರು 1904ರಲ್ಲಿ ಒಟಾಗೊ ವಿಶ್ವವಿದ್ಯಾಲಯದಿಂದ ವೈದ್ಯರಾಗಿ ಹೊರಬಂದರು. ತೆ ಔತೆಯ ವಿದ್ಯಾರ್ಥಿಗಳು 1897ರಲ್ಲಿ ಸಂಘವೊಂದನ್ನು ಕಟ್ಟಿಕೊಂಡು, ಹಳ್ಳಿಗಳ ನೈರ್ಮಲ್ಯ, ಭೂಮಿ, ಶಿಕ್ಷಣಗಳ ಸ್ಥಿತಿಯನ್ನು ವಿಚಾರಿಸತೊಡಗಿದ್ದರು.

ಮಂತ್ರಿಗಳಾಗಿದ್ದ ಜೇಮ್ಸ್ ಕ್ಯಾರಲ್ ಅವರ ಪ್ರಯತ್ನದಿಂದ 1900ರಲ್ಲಿ ಮಾವೋರಿ ಪರಿಷತ್ತುಗಳ ಕಾಯಿದೆಯು ಬಂದಿತು. ಇದರಂತೆ ಪ್ರತಿ ಸೀಮೆಗೂ ಚುನಾಯಿತ ಪರಿಷತ್ತು, ಪ್ರತಿ ಹಳ್ಳಿಗೂ ಒಂದು ಸಮಿತಿ ಏರ್ಪಟ್ಟು, ನೀರು, ಚರಂಡಿ, ವಸತಿಗಳ ಬಗ್ಗೆ ನಿಯಮಗಳನ್ನು ಮಾಡುವ ಅಧಿಕಾರವು ಹಿರಿಯರ ಕೈಗೆ ಬಂದಿತು. 1901ರಲ್ಲಿ ಪೋಮರೆಯವರು ಮಾವೋರಿಗಳ ಆರೋಗ್ಯಾಧಿಕಾರಿಯಾಗಿ ನೇಮಕವಾದರು. 1905ರಲ್ಲಿ ಹೀರೋವಾ ಅವರೂ ಜೊತೆಗೂಡಿದರು. ಇವರು ಹಳ್ಳಿಗೆ ಹೋದರೆ ಮೊದಲು ಮರಾಯೆಯಲ್ಲಿ ಕುಳಿತು, ಪದ್ಧತಿಯಂತೆ ವಂಶಾವಳಿಯನ್ನು ಹೇಳಿ, ಪೂರ್ವಿಕರನ್ನು ಸ್ಮರಿಸಿ, ತರುವಾಯ ಬಾವಿಯ ನೀರಿನ ಮಾತನ್ನೆತ್ತುತ್ತಿದ್ದರು. ಹಿಂದಿನವರು ಗುಡ್ಡದ ಮೇಲಣ ಕೋಟೆಗಳಲ್ಲಿ ಎಷ್ಟು ಶುಚಿಯಾಗಿದ್ದರೆಂಬುದನ್ನು ನೆನಪಿಸಿ, ಹೊಸ ನೈರ್ಮಲ್ಯವನ್ನು ಹಳೆಯ ಆಚಾರದ ಮುಂದುವರಿಕೆಯೆಂದು ತಿಳಿಸುತ್ತಿದ್ದರು. ಸರಕಾರದ ಧನಸಹಾಯವು ಅತ್ಯಲ್ಪವಾಗಿದ್ದರೂ ಒಂದು ದಶಕದೊಳಗೆ ಸಾವಿರಕ್ಕೂ ಮಿಕ್ಕ ಹಾಳುಗುಡಿಸಲುಗಳು ಉರುಳಿ, ಅವುಗಳ ಬದಲು ಹೊಸ ಮನೆಗಳೆದ್ದವು. ಜನಸಂಖ್ಯೆಯ ಏರಿಕೆಯು 1901ರ ಗಣತಿಯಲ್ಲಿಯೇ ತೋರಿದ್ದುದರಿಂದ ಎಲ್ಲ ಶ್ರೇಯಸ್ಸೂ ಇವರದೇ ಎನ್ನುವದು ಸರಿಯಲ್ಲ. ಆದರೆ ಆ ಏರಿಕೆಯು ನಿಲ್ಲದಂತೆ ಕಾಯ್ದವರಲ್ಲಿ ಇವರು ಅಗ್ರಗಣ್ಯರು.

ಇವರ ಕಾರ್ಯದಲ್ಲಿ ಎಡವಿದ ಹೆಜ್ಜೆಯೂ ಉಂಟು. ‘ತೊಹುಂಗ’ರೆಂಬವರು ಮಂತ್ರ, ಮೂಲಿಕೆ, ಶಿಲ್ಪ, ನೌಕಾವಿದ್ಯೆಗಳಲ್ಲಿ ಬಲ್ಲವರು. ಅವರ ಹೆಸರಿನಲ್ಲಿ ಕೆಲವರು ಜ್ವರದ ರೋಗಿಗಳನ್ನು ತಣ್ಣೀರಿನಲ್ಲಿ ಮುಳುಗಿಸುವಂಥ ಅಪಾಯಕರ ಚಿಕಿತ್ಸೆಗಳನ್ನು ನಡೆಸುತ್ತಿದ್ದರು. ಇದನ್ನು ತಡೆಯಲು 1907ರಲ್ಲಿ ಬಂದ ತೊಹುಂಗ ನಿರೋಧ ಕಾಯಿದೆಗೆ ಈ ವಿದ್ಯಾವಂತರು ಬೆಂಬಲವಿತ್ತರು. ಆದರೆ ಕಾಯಿದೆಯು ಕಪಟಿಯನ್ನೂ ಜ್ಞಾನಿಯನ್ನೂ ಬೇರ್ಪಡಿಸಲಿಲ್ಲ. ನಿಜವಾದ ವಿದ್ಯೆಯೂ ಮರೆಯಲ್ಲಿ ಅಡಗಬೇಕಾಯಿತು. 1962ರಲ್ಲಿ ಅದು ರದ್ದಾಗುವ ವೇಳೆಗೆ ಎರಡು ತಲೆಮಾರು ಕಳೆದುಹೋಗಿದ್ದವು.

1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಸುಮಾರು 2,500 ಮಾವೋರಿಗಳು ತೀರಿಕೊಂಡರು. ಅವರ ಮರಣಪ್ರಮಾಣವು ಬಿಳಿಯರದಕ್ಕಿಂತ ಸುಮಾರು ಎಂಟು ಪಟ್ಟಾಗಿದ್ದಿತು. ಆದರೂ ಜನಾಂಗವು ಕುಗ್ಗಲಿಲ್ಲ. ಪೋಮರೆಯವರು 1923ರಿಂದ 1926ರ ವರೆಗೆ ಇಡೀ ದೇಶದ ಆರೋಗ್ಯಮಂತ್ರಿಗಳಾಗಿದ್ದರು. ನಾಟಾ ಅವರು 1905ರಿಂದ 1943ರ ವರೆಗೆ ಶಾಸನಸಭೆಯಲ್ಲಿದ್ದು, ಚೆದರಿದ ಭೂಮಿಯನ್ನು ಒಟ್ಟುಗೂಡಿಸಿ ಕೃಷಿಗೆ ತರುವ ಯೋಜನೆಯನ್ನು ನಡೆಸಿದರು. ರೋಟೊರುವಾದಲ್ಲಿ 1927ರಲ್ಲಿ ಶಿಲ್ಪಶಾಲೆಯನ್ನು ತೆರೆಯಿಸಿದರು. ಊರೂರಿನ ಹಾಡುಗಳನ್ನು ಅರ್ಥಸಹಿತ ಸಂಗ್ರಹಿಸಿ 1928ರಿಂದ ಪ್ರಕಟಿಸತೊಡಗಿದರು. ಹೀರೋವಾ ಅವರು 1936ರಲ್ಲಿ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿ, ಪಾಲಿನೇಶಿಯದ ಸಂಸ್ಕೃತಿಯ ಮೇಲೆ ಜಗತ್ತು ಮನ್ನಿಸುವ ಗ್ರಂಥಗಳನ್ನು ಬರೆದರು.

ಇವರು ಹಾಕಿದ ಮೇಲ್ಪಂಕ್ತಿಯು ಮುಂದಿನವರಿಗೆ ದಾರಿಯಾಯಿತು. 1975ರಲ್ಲಿ ವೈತಂಗಿ ನ್ಯಾಯಮಂಡಲಿಯು ಸ್ಥಾಪಿತವಾಗಿ, 1985ರಲ್ಲಿ 1840ರಿಂದಾದ ಅನ್ಯಾಯಗಳನ್ನೆಲ್ಲ ವಿಚಾರಿಸುವ ಅಧಿಕಾರವನ್ನು ಪಡೆಯಿತು. ಅಲ್ಲಿ ಹಿರಿಯರ ಬಾಯಿಯ ವಂಶಾವಳಿಯೂ ಹಾಡೂ ಸಾಕ್ಷ್ಯವಾಗಿ ಮನ್ನಣೆ ಪಡೆದವು. ಮಕ್ಕಳಿಗೆ ತಾಯ್ನುಡಿಯನ್ನು ಕಲಿಸುವ ಶಿಶುವಿಹಾರಗಳು 1982ರಲ್ಲಿ ಹುಟ್ಟಿದವು. 1987ರಲ್ಲಿ ಮಾವೋರಿಯು ದೇಶದ ಅಧಿಕೃತ ಭಾಷೆಯಾಯಿತು. 1995ರಲ್ಲಿ ವೈಕಾಟೊ ಜನರಿಗೆ ಪರಿಹಾರವು ದೊರೆತು, ಕ್ಷಮಾಯಾಚನೆಯ ಶಾಸನಕ್ಕೆ ಎಲಿಜಬೆತ್ ರಾಣಿಯವರು ತಾವೇ ರುಜು ಹಾಕಿದರು. ಮನೋವೈದ್ಯರಾದ ಮೇಸನ್ ಡ್ಯೂರಿ ಅವರು 1980ರ ದಶಕದಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಗಳ ಮನೆಗೆ ಹೋಲಿಸಿದರು: ಆತ್ಮ, ಮನಸ್ಸು, ದೇಹ, ಕುಟುಂಬ. ಒಂದು ಗೋಡೆ ಬಿರಿದರೂ ಮನೆಯು ನಿಲ್ಲದೆಂಬುದು ಅದರ ತಾತ್ಪರ್ಯ.

2023ರ ಗಣತಿಯಲ್ಲಿ ಮಾವೋರಿಗಳ ಸಂಖ್ಯೆಯು 8 ಲಕ್ಷ 80 ಸಾವಿರವನ್ನು ಮೀರಿದ್ದಿತು. ಆದರೆ ಕಾರ್ಯವು ಮುಗಿದಿಲ್ಲ. ಅವರ ಆಯುರ್ಮಾನವು ಇತರರಿಗಿಂತ ಕೆಲವು ವರ್ಷಗಳಷ್ಟು ಕಡಿಮೆಯಾಗಿಯೇ ಇದೆ. 2022ರಲ್ಲಿ ಆರಂಭವಾದ ಮಾವೋರಿ ಆರೋಗ್ಯ ಪ್ರಾಧಿಕಾರವು 2024ರಲ್ಲಿಯೇ ಸರಕಾರದ ಬದಲಾವಣೆಯಿಂದ ಮುಚ್ಚಿಹೋಯಿತು. ಅಧಿಕಾರವು ಕೊಟ್ಟದ್ದನ್ನು ಅಧಿಕಾರವೇ ಹಿಂತೆಗೆದುಕೊಳ್ಳಬಹುದು. ತಮ್ಮವರನ್ನು ತಾವೇ ಅರಿತು, ಅರಿತದ್ದನ್ನು ಹಳ್ಳಿಯ ಬಾವಿಯವರೆಗೆ ಒಯ್ದ ಆ ತರುಣರ ವಿದ್ಯೆಯಾದರೋ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದಿರುತ್ತದೆ; ಮಾವೋರಿಗಳ ಮುಂದಿನ ಕ್ಷೇಮಕ್ಕೆ ಅದೇ ನಂಬುಗೆಯ ಆಧಾರವಾಗಿದೆ.