ಬಿದ್ದವನೂ ಅವನೇ, ಜಿಗಿದವನೂ ಅವನೇ

ಬಟ್ಟಬಯಲಿನಲ್ಲಿ ಆರು ಕುದುರೆಗಳ ಸಾರೋಟು ದಿಕ್ಕೆಟ್ಟು ಓಡುತ್ತಿದೆ. ಅಪಾಚೆ ಸವಾರರು ಬೆನ್ನಟ್ಟಿದ್ದಾರೆ. ಅವರಲ್ಲೊಬ್ಬ ತನ್ನ ಕುದುರೆಯಿಂದ ಹಾರಿ ಸಾರೋಟಿನ ಮುಂಜೋಡಿಯನ್ನೇ ಹಿಡಿಯುತ್ತಾನೆ. ಮೇಲಿನಿಂದ ರಿಂಗೊ ಕಿಡ್ ಗುಂಡು ಹೊಡೆಯುತ್ತಾನೆ. ಸವಾರ ಎರಡು ಕುದುರೆಗಳ ನಡುವೆ ಜಾರಿ, ಧೂಳಿನಲ್ಲಿ ಎಳೆಸಿಕೊಂಡು ಹೋಗಿ, ಕೊನೆಗೆ ಕೈಬಿಡುತ್ತಾನೆ. ಕುದುರೆಗಳೂ ಗಾಡಿಯೂ ಅವನ ಮೇಲೆಯೇ ದಾಟಿಹೋಗುತ್ತವೆ.

ಜಾನ್ ಫೋರ್ಡ್ ನಿರ್ದೇಶಿಸಿದ 1939ರ ‘ಸ್ಟೇಜ್‌ಕೋಚ್’ ಚಿತ್ರದ ಈ ದೃಶ್ಯದಲ್ಲಿ ಬಿದ್ದವನು ಯಾಕಿಮಾ ಕನಟ್. ಸ್ವಲ್ಪ ಹೊತ್ತಿಗೆ ಲಗಾಮು ಕೈತಪ್ಪಿದಾಗ ರಿಂಗೊ ಕುದುರೆಯಿಂದ ಕುದುರೆಗೆ ಜಿಗಿಯುತ್ತ ಮುಂಜೋಡಿ ತಲುಪುತ್ತಾನಲ್ಲ, ರಿಂಗೊ ಪಾತ್ರಧಾರಿ ಜಾನ್ ವೇಯ್ನ್ ಬದಲಿಗೆ ಹಾಗೆ ಜಿಗಿದವನೂ ಕನಟ್‌ನೇ! ನಾಯಕನ ಸಾಹಸ, ಶತ್ರುವಿನ ಸಾವು ಎರಡೂ ಒಂದೇ ಮೈಯ ದುಡಿಮೆ.

1895ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ ಕನಟ್ ಮೊದಲು ರೋಡಿಯೊ ಚಾಂಪಿಯನ್, ಆಮೇಲೆ ಮೂಕಿಚಿತ್ರಗಳ ನಾಯಕ. ಜ್ವರದಿಂದ ಅವನ ದನಿ ಕೆಟ್ಟಿತ್ತು. ಟಾಕಿ ಬಂದಾಗ ನಾಯಕನ ಪಾತ್ರಗಳು ದೂರವಾದವು, ಸ್ಟಂಟ್ ಕೈಹಿಡಿಯಿತು. ಅವನದು ಹುಚ್ಚು ಧೈರ್ಯವಲ್ಲ. ಕುದುರೆಗಳ ನಡುವೆ ತನ್ನ ಮೈ ಹಿಡಿಸುವಷ್ಟು ಅಂತರ ಇರುವಂತೆ ಮೊದಲೇ ಸಜ್ಜು ಮಾಡಿಕೊಳ್ಳುತ್ತಿದ್ದ. ಗಾಡಿಯಡಿ ಹಾಯುವ ಈ ಸಾಹಸವನ್ನು ‘ಸ್ಟೇಜ್‌ಕೋಚ್’ಗೂ ಮುಂಚೆ ಸಣ್ಣ ಬಜೆಟ್ಟಿನ ವೆಸ್ಟರ್ನ್‌ಗಳಲ್ಲಿ ಪಳಗಿಸಿಕೊಂಡಿದ್ದ.

ಈ ಕಸುಬಿನಲ್ಲಿ ಕುದುರೆಗಳು ತೆತ್ತ ಬೆಲೆಯನ್ನು ಮರೆಯಲಾಗದು. ಕಾಲಿಗೆ ತಂತಿ ಕಟ್ಟಿ, ಓಡುವ ಕುದುರೆಯನ್ನು ಸರಿಯಾದ ಕ್ಷಣಕ್ಕೆ ಮುಗ್ಗರಿಸಿ ಕೆಡವುವ ‘ರನ್ನಿಂಗ್ ಡಬ್ಲ್ಯು’ ಎಂಬ ಉಪಾಯ ಆಗ ಬಳಕೆಯಲ್ಲಿತ್ತು. ಕನಟ್ ಕೂಡ ಅದನ್ನು ಬಳಸಿದವನೇ. ಅದೇ 1939ರ ‘ಜೆಸ್ಸಿ ಜೇಮ್ಸ್’ ಚಿತ್ರಕ್ಕಾಗಿ ಎತ್ತರದ ಬಂಡೆಯಿಂದ ನೀರಿಗೆ ಕೆಡವಿದ ಕುದುರೆ ಸತ್ತಿತು. ಜನ ಸಿಡಿದೆದ್ದರು, ಮರುವರ್ಷದಿಂದ ಅಮೆರಿಕನ್ ಹ್ಯೂಮೇನ್ ಎಂಬ ಪ್ರಾಣಿದಯಾ ಸಂಸ್ಥೆ ಚಿತ್ರೀಕರಣದ ಮೇಲೆ ಕಣ್ಣಿಡತೊಡಗಿತು. ಒಂದು ಪ್ರಾಣಿಯ ಸಾವು ಕಾಣುವವರೆಗೆ ಕಾಯಬೇಕಾಗಿ ಬಂದದ್ದು ಹಾಲಿವುಡ್‌ಗೆ ಅಂಟಿದ ಕಳಂಕ.

ಕನಟ್ ಮುಂದೆ ಸಾಹಸ ದೃಶ್ಯಗಳ ನಿರ್ದೇಶಕನಾದ. 1959ರ ‘ಬೆನ್-ಹರ್’ ಚಿತ್ರದ ರಥದೋಟವನ್ನು ಕಟ್ಟಿದವರಲ್ಲಿ ಅವನೇ ಮುಖ್ಯ. ಅಲ್ಲಿ ಚಾರ್ಲ್‌ಟನ್ ಹೆಸ್ಟನ್ ಬದಲಿಗೆ ರಥ ಓಡಿಸುತ್ತಿದ್ದವನು ಅವನ ಮಗ ಜೋ. ಅಡ್ಡಬಿದ್ದ ಅವಶೇಷಗಳ ಮೇಲೆ ರಥ ಹಾರಿದಾಗ ಜೋ ನಿಜವಾಗಿಯೂ ಮುಂದಕ್ಕೆ ಎಸೆಯಲ್ಪಟ್ಟ. ಗದ್ದಕ್ಕೆ ಗಾಯವಾಯಿತು, ಜೀವ ಉಳಿಯಿತು. ಆ ತುಣುಕನ್ನು ಚಿತ್ರದಲ್ಲಿ ಉಳಿಸಿ, ಹೆಸ್ಟನ್ ಮತ್ತೆ ರಥಕ್ಕೆ ಹತ್ತುವ ಶಾಟ್ ಸೇರಿಸಿದರು.

1967ರಲ್ಲಿ ಕನಟ್‌ಗೆ ಗೌರವ ಆಸ್ಕರ್ ಬಂತು. ಸ್ಟಂಟ್‌ಗೆಂದೇ ಪ್ರತ್ಯೇಕ ವಿಭಾಗ ಆರಂಭಿಸಲು ಅಕಾಡೆಮಿ ತೀರ್ಮಾನಿಸಿದ್ದು 2025ರಲ್ಲಿ. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಗೆ ಆ ಪ್ರಶಸ್ತಿ 2028ರಲ್ಲಿ ಮೊದಲ ಸಲ ಸಲ್ಲಲಿದೆ.