ಕರಾವಳಿಯ ಮಳೆಗಾಲ ಮತ್ತು ತಾಡಪತ್ರ ಗ್ರಂಥಗಳ ರಕ್ಷಣೆ

ಕುಂದಾಪುರ ತಾಲೂಕಿನ ಪೂರ್ವಭಾಗದಲ್ಲಿ, ಘಟ್ಟದ ತಪ್ಪಲಿನಲ್ಲಿ, ಕೆರಾಡಿ ಎಂಬ ಗ್ರಾಮವಿದೆ. ಅಲ್ಲಿಯ ಮೂಡುಗಲ್ಲಿನ ಗುಹಾಲಯದಲ್ಲಿ ವರ್ಷದ ಎಲ್ಲ ಋತುಗಳಲ್ಲಿಯೂ ನೀರು ನಿಂತಿರುತ್ತದೆ. ದರ್ಶನಾರ್ಥಿಗಳು ನೀರಿನಲ್ಲಿಯೇ ಕಾಲಿಟ್ಟು ಒಳಹೋಗಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯಲ್ಲಿ ಕಲ್ಲೇ ಒಸರುತ್ತದೆ. ಹೀಗಿರುವಲ್ಲಿ ಓಲೆಯ ಮೇಲೆ ಬರೆದ ಅಕ್ಷರವನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬಂದವರ ಶ್ರಮವೆಷ್ಟೆಂಬುದನ್ನು ಒಣಭೂಮಿಯ ಭಂಡಾರಗಳನ್ನು ಮಾತ್ರ ಕಂಡವರು ಊಹಿಸಲಾರರು. ಹಟ್ಟಿಯಂಗಡಿ, ಬಾರಕೂರುಗಳಿಂದ ಕಾರ್ಕಳ, ಮೂಡಬಿದಿರೆಗಳವರೆಗೆ ಹಬ್ಬಿದ್ದ ಜೈನ ಕೇಂದ್ರಗಳಿಗೆಲ್ಲ ಇದೇ ಹವೆ, ಇದೇ ಮಳೆ.

ಧರಸೇನಾಚಾರ್ಯರಿಂದ ಉಪದೇಶ ಪಡೆದ ಪುಷ್ಪದಂತ ಭೂತಬಲಿಗಳು ಷಟ್‌ಖಂಡಾಗಮವನ್ನು ಗ್ರಂಥಾರೂಢಗೊಳಿಸಿದರೆಂದೂ, ಜ್ಯೇಷ್ಠ ಶುದ್ಧ ಪಂಚಮಿಯಂದು ಚತುಸ್ಸಂಘವು ಆ ಗ್ರಂಥವನ್ನು ಪೂಜಿಸಿತೆಂದೂ ಶ್ರುತಾವತಾರದ ಸಂಪ್ರದಾಯವು ಹೇಳುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಂದು ಭಂಡಾರವನ್ನು ತೆರೆದು, ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಮತ್ತೆ ಕಟ್ಟುವುದು ಶ್ರುತಪೂಜೆಯ ಅಂಗವಾಗಿ ಬೆಳೆದುಬಂದಿತು. ಆದರೆ ಈ ತಿಥಿಯು ಮೇ ಕೊನೆಯಿಂದ ಜೂನ್ ಮೂರನೆಯ ವಾರದೊಳಗೆ ಬರುತ್ತದೆ. ಉತ್ತರದಲ್ಲಿ ಅದು ಬೇಸಿಗೆಯ ತುದಿ; ಕರಾವಳಿಯಲ್ಲಿ ಜೂನ್ ಮೊದಲ ವಾರಕ್ಕೆ ಮುಂಗಾರು ಇಳಿದಿರುತ್ತದೆ. ಮಳೆ ಹಿಡಿದ ದಿನ ಕಟ್ಟು ಬಿಚ್ಚಿದರೆ ಓಲೆಗಳು ತೇವವನ್ನು ಹೀರಿಕೊಳ್ಳುತ್ತವೆ. ಹಾಗೆಯೇ ಮತ್ತೆ ಕಟ್ಟಿಟ್ಟರೆ ನಾಲ್ಕು ತಿಂಗಳು ಆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಶ್ವೇತಾಂಬರರ ಜ್ಞಾನಪಂಚಮಿಯು ಕಾರ್ತಿಕ ಶುದ್ಧದಲ್ಲಿ, ಎಂದರೆ ಮಳೆ ಹಿಂದೆಗೆದ ಮೇಲೆ, ಬರುವುದನ್ನು ಇಲ್ಲಿ ನೆನೆಯಬಹುದು. ತಿಥಿಯನ್ನು ಬದಲಿಸಬೇಕೆಂದು ಯಾರೂ ಹೇಳರು. ಪೂಜೆ ಜ್ಯೇಷ್ಠದಲ್ಲಿಯೇ ನಡೆಯಲಿ. ಓಲೆಗಳನ್ನು ಬಿಡಿಸಿ ಗಾಳಿಗಿಡುವ ಕೆಲಸ ಮಾತ್ರ ಕರಾವಳಿಯಲ್ಲಿ ಕಾರ್ತಿಕದ ಅನಂತರ, ನೆರಳಿನಲ್ಲಿ, ನಡೆಯುವುದೇ ಯುಕ್ತ. ಬಿಸಿಲಿಗೆ ನೇರವಾಗಿ ಹರಡಿದ ಓಲೆ ಸೆಟೆದು ಸೀಳುತ್ತದೆ.

ಬರೆಯಲು ಶ್ರೇಷ್ಠವೆನಿಸಿದ್ದು ಶ್ರೀತಾಳೆಯ ಗರಿ. ಈ ಮರ ಹಲವು ದಶಕ ಬೆಳೆದು, ಆಯುಷ್ಯದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ. ಅದು ಹೂ ಬಿಡುವುದು ಅಶುಭವೆಂಬ ನಂಬಿಕೆಯಿಂದ ಮೊದಲೇ ಕಡಿದುಹಾಕಿದ್ದುಂಟು. ಇದರಿಂದಾಗಿ ಕರಾವಳಿಯಲ್ಲಿ ಈ ಮರ ವಿರಳವಾಯಿತು. ಎಳೆಯ ಗರಿಯನ್ನು ಬೇಯಿಸಿ, ನೆರಳಲ್ಲಿ ಒಣಗಿಸಿ, ನಯಗೊಳಿಸಿ, ಸಮನಾಗಿ ಕತ್ತರಿಸಿ, ರಂಧ್ರವಿಟ್ಟು ದಾರ ಪೋಣಿಸುತ್ತಿದ್ದರು. ಮೇಲೂ ಕೆಳಗೂ ಮರದ ಹಲಗೆ. ಈ ಹಲಗೆ ಅಲಂಕಾರಕ್ಕೆ ಇಟ್ಟದ್ದಲ್ಲ. ಓಲೆ ಸೊಟ್ಟಗಾಗದಂತೆ ಒತ್ತಿ ಹಿಡಿಯುವುದು ಅದರ ಕೆಲಸ. ಹಲಗೆ ಕಳೆದುಹೋದ ಕಟ್ಟುಗಳಲ್ಲಿ ಮೊದಲು ಹಾಳಾಗುವುದು ಆದ್ಯಂತದ ಓಲೆಗಳು, ಎಂದರೆ ಮಂಗಲಪದ್ಯ ಮತ್ತು ಪ್ರಶಸ್ತಿ. ಕರ್ತೃವಿನ ಹೆಸರೂ ಕಾಲವೂ ಇರುವುದು ಅಲ್ಲಿಯೇ.

ಎಣ್ಣೆಯ ವಿಚಾರವನ್ನು ತುಸು ವಿಸ್ತಾರವಾಗಿ ನೋಡಬೇಕಾಗಿದೆ. ದಕ್ಷಿಣದ ಬಹುಪಾಲು ಓಲೆಗಳು ಕಂಟದಿಂದ ಕೊರೆದವು. ಕೊರೆದ ಗೆರೆಯೊಳಗೆ ಮಸಿ ತುಂಬಿ ಒರಸುವುದರಿಂದ ಅಕ್ಷರ ಕಾಣುತ್ತದೆ. ಮಸಿ ಮಾಸಿದರೂ ಗೆರೆ ಉಳಿದಿರುತ್ತದೆ. ಇಂತಹವುಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವ ರೂಢಿಯಿದೆ. ಅದರಿಂದ ಓಲೆ ಮೃದುವಾಗುತ್ತದೆ, ಹುಳು ದೂರವಿರುತ್ತದೆ. ಆದರೆ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಸಂರಕ್ಷಿತವಾಗಿ ಬಂದ ಧವಲಾದಿ ಸಿದ್ಧಾಂತಗ್ರಂಥಗಳು ಈ ಜಾತಿಯವಲ್ಲ. ಅವು ಮಸಿಯಿಂದ ಬರೆದವು. ಹೊಯ್ಸಳ ಕಾಲದ ವರ್ಣಚಿತ್ರಗಳೂ ಅವುಗಳಲ್ಲಿವೆ. ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ದೇಮಿಯಕ್ಕ ಅರ್ಪಿಸಿದ ಧವಲಾ ಪ್ರತಿ ಹನ್ನೆರಡನೆಯ ಶತಮಾನದ ಆದಿಭಾಗದ್ದು. ಅಲ್ಲಿ ಅಕ್ಷರವು ಓಲೆಯ ಮೈಮೇಲೆ ಕುಳಿತಿದೆ, ಒಳಗಿಳಿದಿಲ್ಲ. ಎಣ್ಣೆಯ ಬಟ್ಟೆ ಒಮ್ಮೆ ಹಾಯ್ದರೆ ಬರೆಹವೇ ಹೋದೀತು. ಲಿಪಿಕಾರರು ಗ್ರಂಥಾಂತ್ಯದಲ್ಲಿ ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ತಮ್ಮ ಬರೆಹವನ್ನು ಕಾಪಾಡಿರೆಂದು ಬೇಡಿಕೊಳ್ಳುವುದು ಬರಿಯ ವಾಡಿಕೆಯ ಮಾತೆಂದು ಕೆಲವರು ತಿಳಿಯುತ್ತಾರೆ. ಮಸಿಯ ಓಲೆಗಳ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಆದುದರಿಂದ ಎಣ್ಣೆ ಹಚ್ಚುವ ಮುನ್ನ ಬರೆಹ ಕೊರೆದದ್ದೋ ಮಸಿಯದೋ ಎಂದು ಓರೆ ಬೆಳಕಿನಲ್ಲಿ ಹಿಡಿದು ನೋಡತಕ್ಕದ್ದು.

ಪ್ರತಿ ಮಾಡಿಕೊಂಡ ಮೇಲೆ, ಅಥವಾ ಗ್ರಂಥ ಮುದ್ರಿತವಾದ ಮೇಲೆ, ಜೀರ್ಣವಾದ ಮೂಲವನ್ನು ಇಟ್ಟುಕೊಂಡು ಪ್ರಯೋಜನವೇನೆಂಬ ಭಾವನೆ ಹಿಂದೆಯೂ ಇತ್ತು, ಇಂದಿಗೂ ಹೋಗಿಲ್ಲ. ಹೊಳೆಗೆ ಬಿಟ್ಟ ಕಟ್ಟುಗಳ ಲೆಕ್ಕ ಇಟ್ಟವರಿಲ್ಲ. ಈ ಭಾವನೆಗೆ ಧವಲಾ ಗ್ರಂಥದ ಚರಿತ್ರೆಯೇ ಉತ್ತರ ಕೊಡುತ್ತದೆ. 1896ರಲ್ಲಿ ಮೂಡಬಿದಿರೆಯಲ್ಲಿ ಆರಂಭವಾದ ಪ್ರತಿಲೇಖನವು ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯ ಮೊದಲಾದವರ ಕೈಯಲ್ಲಿ ಸುಮಾರು ಕಾಲು ಶತಮಾನ ನಡೆಯಿತು. ಗಜಪತಿ ಉಪಾಧ್ಯಾಯರು ಗುಪ್ತವಾಗಿ ಮಾಡಿಕೊಂಡ ಕನ್ನಡ ಪ್ರತಿಯೊಂದು ಸಹಾರನಪುರಕ್ಕೆ ಹೋಗಿ, ಅಲ್ಲಿಂದ ನಾಗರಿ ಪ್ರತಿಗಳು ಹೊರಟು ಉತ್ತರದ ಭಂಡಾರಗಳಿಗೆ ಹಬ್ಬಿದವು. ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಹೊರಡಿಸಿದ ಮೊದಲ ಸಂಪುಟಕ್ಕೆ ಆಧಾರವಾದದ್ದು ಈ ಪ್ರತಿಯ ಪ್ರತಿಗಳು. ಮೂಲದ ಓಲೆಗಳೊಡನೆ ಪಾಠ ಹೋಲಿಸುವ ಅವಕಾಶ ದೊರೆತದ್ದು ಆಮೇಲೆ.

ಆ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿರುವಂತಿದೆ ಎಂದು ಸಂಪಾದಕರು ಅರ್ಥಸಂಗತಿಯಿಂದ ಊಹಿಸಿ ಸೂಚಿಸಿದರು. ಮನುಷಿಣಿಯರಿಗೆ ಸಂಯತ ಗುಣಸ್ಥಾನವಿದೆಯೇ, ಅಲ್ಲಿ ವಿವಕ್ಷೆ ದ್ರವ್ಯದ್ದೋ ಭಾವದ್ದೋ ಎಂಬ ಪ್ರಶ್ನೆ ಆ ಒಂದು ಪದಕ್ಕೆ ತಗುಲಿಕೊಂಡಿದ್ದರಿಂದ 1940ರ ದಶಕದಲ್ಲಿ ಪಂಡಿತರಲ್ಲಿ ದೊಡ್ಡ ವಿವಾದವೇ ನಡೆಯಿತು. ಮೂಡಬಿದಿರೆಯ ಓಲೆಯನ್ನು ತೆರೆದು ನೋಡಿದಾಗ ಪದ ಅಲ್ಲಿತ್ತು. ಅರ್ಥದ ಚರ್ಚೆ ಅದರಿಂದ ಮುಗಿಯಲಿಲ್ಲವಾದರೂ ಪಾಠದ ಚರ್ಚೆ ಮುಗಿಯಿತು. ಆ ಒಂದು ಓಲೆಗೆ ಗೆದ್ದಲು ಹತ್ತಿದ್ದರೆ ಸಂಪಾದಕರ ಊಹೆ ಊಹೆಯಾಗಿಯೇ ಉಳಿಯುತ್ತಿತ್ತು.

ಅದೇ ದಶಕದಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ಮಹಾಬಂಧದ ಓಲೆಗಳನ್ನು ಹುಳು ತಿಂದು ಪಾಠನಷ್ಟವಾಗಿದೆಯೆಂದು ಕೇಳಿ ಕಳವಳಗೊಂಡು ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೊರೆಯಿಸುವ ಪ್ರೇರಣೆ ನೀಡಿದರು. ಅವು ಫಲಟಣದಲ್ಲಿ ಇಡಲ್ಪಟ್ಟವು. ತಾಮ್ರಕ್ಕೆ ಹುಳು ಹತ್ತದು, ನಿಜ. ಆದರೆ ‘ಸಂಜದ’ದ ವಿವಾದ ತಾಮ್ರಪತ್ರವನ್ನೂ ಬಿಡಲಿಲ್ಲ. ಕೊರೆಯುವವನ ಮುಂದಿರುವ ಪ್ರತಿ ಎಷ್ಟು ಶುದ್ಧವೋ ತಾಮ್ರವೂ ಅಷ್ಟೇ ಶುದ್ಧ. ಇಂದಿನ ಛಾಯಾಪ್ರತಿ, ಗಣಕಪ್ರತಿಗಳು ಲಿಪಿಕಾರನ ಸ್ಖಾಲಿತ್ಯವಿಲ್ಲದ್ದರಿಂದ ಈ ದೃಷ್ಟಿಯಿಂದ ಮೇಲಾದವು. ಅಷ್ಟರಿಂದ ಓಲೆಯ ಹೊಣೆ ಇಳಿಯುವುದಿಲ್ಲ.

ಹುಳುಗಳ ವಿಷಯದಲ್ಲಿ ಶ್ರಾವಕರಿಗೆ ಇನ್ನೊಂದು ಇಕ್ಕಟ್ಟು ಇದೆ. ವಿಷ ಹಾಕಿ ಕೊಲ್ಲುವುದು ಶ್ರುತಭಕ್ತಿಗೆ ಒಪ್ಪುವ ಕ್ರಮವಲ್ಲ. ಹಿಂದಿನವರು ಹುಳು ಬಾರದಂತೆ ನೋಡಿಕೊಂಡರು: ಬಜೆಯ ತುಂಡು, ಕರ್ಪೂರ, ಒಣಗಿದ ಬೇವಿನೆಲೆಯ ಪೊಟ್ಟಣ, ನೆಲಕ್ಕೆ ತಾಗದ ಪೆಟ್ಟಿಗೆ, ಮೃದುವಾದ ಪಿಂಛದಿಂದ ಪ್ರತಿಲೇಖನ. ಹಸಿ ಬೇವಿನ ಸೊಪ್ಪನ್ನು ಮಳೆಗಾಲದಲ್ಲಿ ಕಟ್ಟಿನೊಳಗಿಡುವುದು ತಪ್ಪು; ಅದೇ ಕೊಳೆತು ಬೂಷ್ಟಿಗೆ ಮೂಲವಾಗುತ್ತದೆ. ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟುಗಳನ್ನಿಡುತ್ತಿದ್ದುದಕ್ಕೂ ಕಾರಣವಿತ್ತು. ಹೊಗೆಗೆ ಹುಳು ಬಾರದು, ತೇವ ನಿಲ್ಲದು. ಆದರೆ ವರ್ಷಗಟ್ಟಲೆ ಹೊಗೆ ಕುಡಿದ ಓಲೆ ಕರಿಗಟ್ಟಿ, ಮುಟ್ಟಿದರೆ ಮುರಿಯುತ್ತದೆ. ಅಂತಹ ಕಟ್ಟನ್ನು ಬಲವಂತವಾಗಿ ಬಿಡಿಸಬಾರದು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ, ಅಳಿಯೂರು ಮುಂತಾದೆಡೆಯ ಭಂಡಾರಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ರಕ್ಷಣೆಯ ದೃಷ್ಟಿಯಿಂದಲೂ ಇದರ ಉಪಕಾರ ದೊಡ್ಡದು. ಯಾವ ಭಂಡಾರದಲ್ಲಿ ಏನಿತ್ತೆಂದು ಬರೆದಿಟ್ಟಿದ್ದರೆ ಮಾತ್ರ ಏನು ಹೋಯಿತೆಂದು ತಿಳಿದೀತು. ಪ್ರತಿವರ್ಷ ಕಾರ್ತಿಕದಲ್ಲಿ ಕಟ್ಟು ಬಿಚ್ಚಿದಾಗ ಓಲೆಗಳನ್ನು ಎಣಿಸಿ, ಮುರಿದವನ್ನೂ ಹುಳು ಹಿಡಿದವನ್ನೂ ಪತ್ರಸಂಖ್ಯೆಯೊಡನೆ ಒಂದು ಪುಸ್ತಕದಲ್ಲಿ ಗುರುತು ಹಾಕಿಡುವ ಪದ್ಧತಿ ಇನ್ನೂ ಎಲ್ಲ ಮನೆ ಬಸದಿಗಳಿಗೆ ಬಂದಿಲ್ಲ. ಅದಕ್ಕೆ ಬೇಕಾಗುವುದು ಒಂದು ದಿನದ ಬಿಡುವು ಮತ್ತು ಹಳಗನ್ನಡದ ಅಂಕೆಗಳನ್ನು ಓದಬಲ್ಲ ಒಬ್ಬರು.